ಓಡುವ ಗುರಿ, ಮಣ್ಣಿನ ಹಕ್ಕಿ

ಗದ್ದೆಗಳಲ್ಲಿ ನಾಟಿ ಮುಗಿದು ಮಳೆ ತುಸು ಇಳಿಮುಖವಾಗುವ ಸೆಪ್ಟೆಂಬರ್ ಆರಂಭದಲ್ಲಿ ಕೊಡಗಿನಲ್ಲಿ ಕೈಲ್‌ಪೊಳ್ದ್ ಬರುತ್ತದೆ. ಅದು ಆಯುಧಗಳ ಹಬ್ಬ. ಮನೆಯ ಕೋವಿಗಳನ್ನು ತೊಳೆದು ಒರೆಸಿ, ಬೆಂಕಿಯ ಬಣ್ಣದ ‘ತೋಕ್ ಪೂ’ವಿನಿಂದ ಸಿಂಗರಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಹೂವಿಗೆ ಹೆಸರೇ ಕೋವಿಯಿಂದ ಬಂದಿದೆ. ಪೂಜೆ, ಊಟ ಮುಗಿದ ಮೇಲೆ ಊರಿನವರು ಬಯಲಿನಲ್ಲಿ ಸೇರಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಮಡಿಕೇರಿಯ ಸುತ್ತಮುತ್ತ ನಡೆಯುವ ಈ ಸ್ಪರ್ಧೆಗಳಲ್ಲಿ ಈಗ ಹೆಣ್ಣುಮಕ್ಕಳೂ ಕೋವಿ ಹಿಡಿಯುತ್ತಾರೆ.

ಕೊಡಗಿನ ಮನೆಗಳಲ್ಲಿ ಕೋವಿ ಇರುವುದಕ್ಕೆ ಒಂದು ಇತಿಹಾಸವಿದೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ಬಂಡಾಯದ ನಂತರ ಅವರು ದೇಶದಲ್ಲಿ ಜನರ ಕೈಯಿಂದ ಆಯುಧ ಕಸಿದುಕೊಳ್ಳತೊಡಗಿದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿಗೆ ವಿನಾಯಿತಿ ನೀಡಿದರು. ಸ್ವಾತಂತ್ರ್ಯಾನಂತರವೂ ಆಯುಧ ಕಾಯ್ದೆಯಡಿ ಇದು ಮುಂದುವರಿಯಿತು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ತಳ್ಳಿಹಾಕಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಕೊಡವ ಜನಾಂಗಕ್ಕೆ ಮಾತ್ರವಲ್ಲ, ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅನ್ವಯಿಸುತ್ತದೆ ಎಂಬುದನ್ನು ನಾವು ಗಮನಿಸಬೇಕು. ಅದು ಜಾತಿ, ಮತಗಳನ್ನು ದಾಟಿ ನೆಲದ ಸಂಬಂಧವನ್ನು ಹಿಡಿದು ಬಂದ ಹಕ್ಕು. ಜಮ್ಮಾ ಮಾಪಿಳ್ಳೆಗಳೆಂದು ಕರೆಯಲಾಗುವ, ಇಂದಿಗೂ ಕೊಡವ ಮನೆತನದ ಹೆಸರುಗಳನ್ನು ಉಳಿಸಿಕೊಂಡಿರುವ ಮುಸ್ಲಿಮರು ಈ ನೆಲದಲ್ಲಿರುವುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಆದರೆ ತೆಂಗಿನಕಾಯಿ ನಿಂತ ಗುರಿ. ಹಿಂದಿನ ತಲೆಮಾರುಗಳ ನಿಜವಾದ ಪಾಠಶಾಲೆ ಕಾಡಾಗಿತ್ತು. ನಾಯಿಗಳೂ ಸೋವುವವರೂ ಎಬ್ಬಿಸಿದ ಹಂದಿ ಪೊದೆಯಿಂದ ನುಗ್ಗಿ ಬಂದಾಗ, ಅದು ಇದ್ದ ಜಾಗಕ್ಕೆ ಗುಂಡು ಹೊಡೆದವನು ಬರಿಗೈಯಲ್ಲಿ ಮರಳಬೇಕಿತ್ತು. ಅದು ತಲುಪಲಿರುವ ಜಾಗವನ್ನು ಅಂದಾಜು ಮಾಡಿದವನು ಬೇಟೆಗಾರ ಎನಿಸಿಕೊಳ್ಳುತ್ತಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಆ ಪಾಠಶಾಲೆಯ ಬಾಗಿಲು ಮುಚ್ಚಿತು. ಮುಚ್ಚಿದ್ದು ಸರಿಯೇ ಆಯಿತು. ಆದರೆ ಓಡುವ ಗುರಿಯನ್ನು ಅಳೆಯುವ ಆ ಜ್ಞಾನ ಪ್ರಾಣಿಯ ರಕ್ತವಿಲ್ಲದೆ ಉಳಿಯಬಲ್ಲದೇ? ಇದಕ್ಕೆ ಜಗತ್ತು ಕಂಡುಕೊಂಡ ಉತ್ತರ ಮಣ್ಣಿನ ಹಕ್ಕಿ.

ಈ ವಿದ್ಯೆಯ ಲೆಕ್ಕವನ್ನು ಸ್ವಲ್ಪ ನೋಡೋಣ. ಸ್ಕೀಟ್ ಎಂಬ ಸ್ಪರ್ಧೆಯಲ್ಲಿ ಯಂತ್ರದಿಂದ ಚಿಮ್ಮುವ ಬಿಲ್ಲೆಯ ಅಗಲ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಕೋವಿಯ ನಳಿಗೆಯಿಂದ ಹೊರಟ ಚರೆಗಳ ವೇಗ ಸೆಕೆಂಡಿಗೆ ಸುಮಾರು 400 ಮೀಟರ್; ಗಾಳಿಯಲ್ಲಿ ಅದು ಬೇಗನೆ ತಗ್ಗುತ್ತದೆ. 20 ಮೀಟರ್ ದೂರ ತಲುಪಲು ಅವುಗಳಿಗೆ ಸೆಕೆಂಡಿನ ನೂರನೇ ಆರು ಭಾಗದಷ್ಟು ಸಮಯ ಸಾಕು. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಡ್ಡಹಾಯುವ ಬಿಲ್ಲೆ ಅಷ್ಟರಲ್ಲೇ ಒಂದೂಕಾಲು ಮೀಟರಿಗಿಂತ ಹೆಚ್ಚು ಮುಂದಕ್ಕೆ ಹೋಗಿರುತ್ತದೆ. ಅಷ್ಟು ಮುಂದೆ ಗುಂಡು ಹಾರಿಸಬೇಕು. ಈ ಮುಂಗಡದ ಅಂತರವನ್ನೇ ಶೂಟರ್‌ಗಳು ‘ಲೀಡ್’ ಎನ್ನುತ್ತಾರೆ. ಬಿಲ್ಲೆ ಓರೆಯಾಗಿ ದೂರ ಸರಿಯುತ್ತಿದ್ದರೆ ಲೀಡ್ ಕಡಿಮೆ. ನೇರವಾಗಿ ಎದುರಿಗೆ ಬರುತ್ತಿದ್ದರೆ ಇಲ್ಲವೇ ಇಲ್ಲ ಎನ್ನುವಷ್ಟು.

ಕಲಿಯುವ ದಾರಿಗಳು ಮುಖ್ಯವಾಗಿ ಮೂರು. ಮೊದಲಿನಿಂದಲೂ ಬಿಲ್ಲೆಗಿಂತ ಇಷ್ಟು ಮುಂದೆ ನಳಿಗೆಯನ್ನಿಟ್ಟು ಜೊತೆಜೊತೆಯಾಗಿ ಸಾಗಿಸುವುದು ಒಂದು. ಹಿಂದಿನಿಂದ ಬಂದು ಬಿಲ್ಲೆಯನ್ನು ದಾಟುತ್ತಲೇ ಟ್ರಿಗರ್ ಎಳೆಯುವುದು ಇನ್ನೊಂದು. ಬಿಲ್ಲೆಯ ಮೇಲೆಯೇ ನಳಿಗೆಯನ್ನು ಕೂರಿಸಿ, ಆಮೇಲೆ ಮುಂದಕ್ಕೆ ಸರಿಸುವುದು ಮೂರನೆಯದು. ಯಾವ ದಾರಿಯಾದರೂ ನಿಯಮ ಒಂದೇ: ಕಣ್ಣು ಬಿಲ್ಲೆಯ ಮೇಲಿರಬೇಕು, ನಳಿಗೆಯ ತುದಿಯ ಮೇಲಲ್ಲ, ಟ್ರಿಗರ್ ಎಳೆದ ಮೇಲೂ ಕೋವಿಯ ಚಲನೆ ನಿಲ್ಲಬಾರದು. ಲೀಡ್ ಸರಿಯಾಗಿದೆಯೇ ಎಂದು ಅಳೆಯಲು ಕಣ್ಣು ನಳಿಗೆಯತ್ತ ತಿರುಗಿದ ಕ್ಷಣವೇ ಕೈ ನಿಲ್ಲುತ್ತದೆ, ಚರೆಗಳು ಬಿಲ್ಲೆಯ ಹಿಂದೆ ಹೋಗುತ್ತವೆ. ಹೊಸಬರ ಹೆಚ್ಚಿನ ಗುಂಡುಗಳು ತಪ್ಪುವುದು ಹೀಗೆಯೇ.

ಈ ಬಿಲ್ಲೆ ಬರುವುದಕ್ಕೆ ಮೊದಲು ಅದರ ಜಾಗದಲ್ಲಿ ಜೀವವಿತ್ತು. 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿ ಹಿಡಿದಿಟ್ಟು, ಹಗ್ಗ ಎಳೆದು ಹಾರಿಬಿಟ್ಟು ಹೊಡೆಯುವ ವಿನೋದ ಬೆಳೆದಿತ್ತು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಜೀವಂತ ಪಾರಿವಾಳಗಳನ್ನು ಕೊಂದರು. ಈ ನಡುವೆ ಅಮೆರಿಕದಲ್ಲಿ ಗಾಜಿನ ಗೋಲಿಗಳು ಬಂದವು. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ಬಿಲ್ಲೆಯನ್ನು ತಂದ. ಬ್ರಿಟನ್ನಿನಲ್ಲಿ ಹಿಡಿದಿಟ್ಟ ಹಕ್ಕಿಗಳನ್ನು ಹೊಡೆಯುವುದನ್ನು ನಿಷೇಧಿಸಲು 1921ರವರೆಗೆ ಕಾಯಬೇಕಾಯಿತು. ಈಗಿನ ಬಿಲ್ಲೆಗಳು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನಿಂದ ಆಗುತ್ತವೆ. ಆದರೂ ‘ಕ್ಲೇ ಪಿಜನ್’ ಎಂಬ ಹೆಸರಿನಲ್ಲಿ ಮಣ್ಣೂ ಪಾರಿವಾಳವೂ ಉಳಿದುಕೊಂಡಿವೆ.

ಪಶ್ಚಿಮ ಜಗತ್ತು ಕಾನೂನಿನ ಮೂಲಕ ಇಷ್ಟು ತಡವಾಗಿ ತಲುಪಿದ ಈ ವಿವೇಕ ಅದಕ್ಕೆ ಹದಿಮೂರು ಶತಮಾನ ಮೊದಲೇ ಅರೇಬಿಯಾದಲ್ಲಿ ಕೇಳಿಬಂದಿತ್ತು. ಜೀವವಿರುವ ಯಾವುದನ್ನೂ ಗುರಿ ಹಲಗೆಯಾಗಿ ಮಾಡಿಕೊಳ್ಳುವುದನ್ನು ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದರು. ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣ ಬಿಡುತ್ತಿದ್ದ ಕುರೈಶಿ ಯುವಕರನ್ನು ಕಂಡ ಇಬ್ನು ಉಮರ್(ರ) ಈ ನಿಷೇಧವನ್ನು ನೆನಪಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಹಸಿವಿಗಾಗಿ ಮಾಡುವ ಬೇಟೆಗೆ ಧರ್ಮದಲ್ಲಿ ಅವಕಾಶವಿದೆ; ಜೀವವನ್ನು ಆಟದ ಸಾಮಾನಾಗಿಸುವುದಕ್ಕೆ ಇಲ್ಲ. ಹಾಗೆಂದು ಇಸ್ಲಾಮ್ ಗುರಿಯ ವಿದ್ಯೆಯನ್ನು ಹೀಗಳೆಯಲಿಲ್ಲ. ವೃದ್ಧಾಪ್ಯದಲ್ಲೂ ಎರಡು ಗುರಿಗಳ ನಡುವೆ ಓಡಾಡುತ್ತ ಬಾಣ ಬಿಡುವ ಅಭ್ಯಾಸ ಮಾಡುತ್ತಿದ್ದ ಉಖ್ಬಾ ಬಿನ್ ಆಮಿರ್(ರ)ರೊಡನೆ, ಈ ವಯಸ್ಸಿನಲ್ಲಿ ಇಷ್ಟು ಕಷ್ಟವೇಕೆ ಎಂದು ಒಬ್ಬರು ಕೇಳಿದರು. ಈ ವಿದ್ಯೆಯನ್ನು ಕಲಿತು ಬಿಟ್ಟುಬಿಡುವವರ ಬಗ್ಗೆ ಪ್ರವಾದಿಯವರು(ಸ) ಎಚ್ಚರಿಸಿದ್ದುದೇ ಅವರ ಉತ್ತರವಾಗಿತ್ತು.

13ನೇ ಶತಮಾನದ ಕೈರೋದಲ್ಲಿ ಮಮ್ಲೂಕ್ ಸವಾರರು ‘ಖಬಕ್’ ಎಂಬ ಆಟ ಆಡುತ್ತಿದ್ದರು. ಎತ್ತರದ ಕಂಬದ ಮೇಲೆ ಸೋರೆಬುರುಡೆಯಂಥ ಗುರಿಯಿಟ್ಟು, ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುತ್ತ ಅದಕ್ಕೆ ಬಾಣ ಬಿಡಬೇಕು. ಅಲ್ಲಿ ಗುರಿ ನಿಂತಿದೆ, ಬಿಲ್ಲುಗಾರ ಓಡುತ್ತಿದ್ದಾನೆ. ಆದರೆ ವೇಗವನ್ನು ಕಣ್ಣಿನಲ್ಲೇ ಅಳೆಯುವ ಲೆಕ್ಕ ಇಲ್ಲಿಯಂಥದೇ. ಮಡಿಕೇರಿಯ ತೆಂಗಿನಕಾಯಿಗೆ ಇದು ದೂರದ ನೆಂಟ.

ನಮ್ಮ ದೇಶದಲ್ಲಿ ಈ ವಿದ್ಯೆ ಬಹುಕಾಲ ಅರಮನೆಗಳ ಆಸ್ತಿಯಾಗಿತ್ತು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಅದೇ ಕೈರೋ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಟ್ರ್ಯಾಪ್ ವಿಭಾಗದಲ್ಲಿ ಬೆಳ್ಳಿ ಗೆದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ಸೈನ್ಯಾಧಿಕಾರಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ತಂದರು. ಉತ್ತರ ಪ್ರದೇಶದ ಖುರ್ಜಾದ ಮೈರಾಜ್ ಅಹ್ಮದ್ ಖಾನ್ 2016ರ ರಿಯೋದಲ್ಲಿ ಒಲಿಂಪಿಕ್ಸ್‌ನ ಸ್ಕೀಟ್ ಸ್ಪರ್ಧೆಗೆ ಇಳಿದ ಮೊದಲ ಭಾರತೀಯರಾದರು. 2022ರಲ್ಲಿ ಕೊರಿಯಾದ ಚಾಂಗ್‌ವೊನ್ ವಿಶ್ವಕಪ್‌ನ ಫೈನಲ್‌ನಲ್ಲಿ 40ರಲ್ಲಿ 37 ಬಿಲ್ಲೆಗಳನ್ನು ಒಡೆದು ಚಿನ್ನ ಗೆದ್ದಾಗ ಅವರಿಗೆ 46 ವರ್ಷ. ಉಖ್ಬಾರ(ರ) ವೃದ್ಧಾಪ್ಯದ ಅಭ್ಯಾಸ ನಮಗೆ ಇಲ್ಲಿ ನೆನಪಾಗುತ್ತದೆ.

ಕೋವಿಯ ಹಕ್ಕು ಒಂದು ಅಮಾನತ್ತು. ಅದನ್ನು ಕೊಟ್ಟ ಸಮಾಜಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಕದ್ದು ಮಾಡುವ ಬೇಟೆಯಲ್ಲಿ, ಪೊದೆಯಲ್ಲಿ ಅಲುಗಿದ್ದು ಪ್ರಾಣಿಯೆಂದು ಭಾವಿಸಿ ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಬರುವಾಗಲೆಲ್ಲ ಆ ಹಕ್ಕು ಒಂದಿಷ್ಟು ಸವೆಯುತ್ತದೆ. ವಿನಾಯಿತಿಯ ಈಗಿನ ಅವಧಿ ಮುಗಿಯುವ 2029 ದೂರವಿಲ್ಲ. ಕೈಲ್‌ಪೊಳ್ದ್‌ನ ಬಯಲಿನಲ್ಲಿ ತೆಂಗಿನಕಾಯಿಯ ಜೊತೆಗೆ, ಜನರೂ ತೋಟದ ಕೆಲಸಗಾರರೂ ಇಲ್ಲದ ದಿಕ್ಕಿಗೆ, ತಜ್ಞರ ಮೇಲ್ವಿಚಾರಣೆಯಲ್ಲಿ ಮಣ್ಣಿನ ಬಿಲ್ಲೆಗಳೂ ಹಾರಲಿ. ಅಜ್ಜಂದಿರು ಕಾಡಿನಲ್ಲಿ ಕಲಿತದ್ದನ್ನು ಮೊಮ್ಮಕ್ಕಳು ಒಂದು ಜೀವವನ್ನೂ ನೋಯಿಸದೆ ಕಲಿಯಬಹುದು. ಅವರಲ್ಲಿ ಕೊಡವರ ಮಗಳೂ, ಮಾಪಿಳ್ಳೆಯ ಮಗನೂ ಒಂದೇ ಸಾಲಿನಲ್ಲಿ ನಿಂತಿರಲಿ ಎಂಬುದು ನಮ್ಮ ಹಾರೈಕೆ.