ಬೆಣೆ ಕಿತ್ತವರ ಕಥೆ

ಪಂಚತಂತ್ರದ ಕೋತಿಯ ಕಥೆ ಗೊತ್ತಿಲ್ಲದವರು ಕಡಿಮೆ. ಊರಾಚೆ ದೇವಸ್ಥಾನ ಕಟ್ಟುತ್ತಿದ್ದಾರೆ, ಮಧ್ಯಾಹ್ನ ಬಡಗಿಗಳು ಊಟಕ್ಕೆ ಹೋಗಿದ್ದಾರೆ. ಅರ್ಧ ಸೀಳಿಟ್ಟ ತೊಲೆಯ ಬಾಯಲ್ಲಿ ಕಗ್ಗಲಿ ಮರದ ಬೆಣೆ ನಿಂತಿದೆ. ಕೋತಿ ಬಂದು ತೊಲೆಯ ಮೇಲೆ ಕೂತು ಬೆಣೆ ಕಿತ್ತಿತು, ಸೀಳು ಮುಚ್ಚಿಕೊಂಡಿತು, ಕೋತಿ ಸತ್ತಿತು. ತನ್ನದಲ್ಲದ ಕೆಲಸಕ್ಕೆ ಕೈ ಹಾಕಬಾರದು ಎನ್ನುವುದಕ್ಕೆ ಈ ಕಥೆ ಹುಟ್ಟಿಕೊಂಡಿತು. ಆದರೆ ಮರಗೆಲಸದವರು ಕೇಳಿದರೆ ಬೇರೆಯೇ ಪ್ರಶ್ನೆ ಏಳುತ್ತದೆ: ಆ ಬೆಣೆ ಅಲ್ಲಿ ಯಾಕಿತ್ತು?

ಕಡಿದು ಬಿದ್ದ ಮರ ಸತ್ತ ವಸ್ತುವಲ್ಲ. ಬೆಳೆಯುವಾಗ ಗಾಳಿಗೆ ಬಾಗಿದ್ದು, ಇಳಿಜಾರಿನಲ್ಲಿ ವಾಲಿದ್ದು, ಒಂದು ಕಡೆ ಬೇಗ ಒಣಗಿದ್ದು, ಎಲ್ಲವೂ ಅದರೊಳಗೆ ಬಿಗಿದುಕೊಂಡಿರುತ್ತವೆ. ಗರಗಸ ನಡುವೆ ಹಾದುಹೋದಂತೆ ಆ ಬಿಗಿ ಸಡಿಲಗೊಂಡು ಎರಡು ಹೋಳುಗಳು ಒಮ್ಮೆ ಅಗಲವಾಗುತ್ತವೆ, ಒಮ್ಮೆ ಒಂದನ್ನೊಂದು ಒತ್ತಿ ಗರಗಸವನ್ನೇ ಕಚ್ಚಿ ಹಿಡಿಯುತ್ತವೆ. ಅದಕ್ಕೇ ಕೈಗರಗಸದ ಕಾಲದಲ್ಲಿ ಕೊಯ್ತ ಮುಂದೆ ಸಾಗಿದಂತೆ ಹಿಂದಿನಿಂದ ಬೆಣೆ ಹೊಡೆದುಕೊಂಡು ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ ಗುಂಡಿ ತೋಡಿ, ಮಲೆನಾಡಿನಲ್ಲಿ ದಿಮ್ಮಿಯನ್ನು ಅಟ್ಟಣಿಗೆಗೆ ಏರಿಸಿ ಕೊಯ್ಯುತ್ತಿದ್ದರೆಂಬುದಷ್ಟೇ ವ್ಯತ್ಯಾಸ. ಮೇಲೆ ನಿಂತವನು ಗೆರೆ ನೋಡಬೇಕು, ಕೆಳಗೆ ನಿಂತವನು ಕಣ್ಣಿಗೆ ಬೀಳುವ ಹೊಟ್ಟು ಒರೆಸಿಕೊಳ್ಳುತ್ತ ಎಳೆಯಬೇಕು. ಬೇಸರದ ಕೆಲಸ ನಿಜ. ಆದರೆ ಅಪಾಯ ಆಳಿನ ವೇಗದಲ್ಲೇ ಬರುತ್ತಿತ್ತು. ಗರಗಸ ಸಿಕ್ಕಿಕೊಂಡರೆ ಇಬ್ಬರೂ ನಿಲ್ಲುತ್ತಿದ್ದರು, ಅಷ್ಟೇ.

ಈ ಎಳೆದಾಟವನ್ನು ಯಂತ್ರಕ್ಕೆ ಒಪ್ಪಿಸಿದವರಲ್ಲಿ ದೊಡ್ಡ ಹೆಸರು ಹಾಲೆಂಡಿನ ಕಾರ್ನೆಲಿಸ್ ಕಾರ್ನೆಲಿಸ್‌ಜೋನ್‌ನದು. 1590ರ ದಶಕದಲ್ಲಿ ಈತ ಗಾಳಿಯಂತ್ರದ ಸುತ್ತುವ ದಂಡವನ್ನು ಕ್ರ್ಯಾಂಕ್ ಮೂಲಕ ಮೇಲೆ ಕೆಳಗೆ ಓಡಾಡುವ ಗರಗಸಕ್ಕೆ ಜೋಡಿಸಿದ. ಡಚ್ಚರ ಹಡಗುಕಟ್ಟೆಗಳ ಬಲದ ಹಿಂದೆ ಇಂಥ ಸಾಮಿಲ್‌ಗಳಿದ್ದವು. ಇಂಗ್ಲೆಂಡಿನ ಕೊಯ್ತದವರಿಗೆ ಮಾತ್ರ ಇದು ಹಿಡಿಸಲಿಲ್ಲ. 1768ರ ಮೇ ತಿಂಗಳಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಚಾರ್ಲ್ಸ್ ಡಿಂಗ್ಲಿ ಎಂಬ ವ್ಯಾಪಾರಿಯ ಗಾಳಿ ಸಾಮಿಲ್ಲಿಗೆ ನೂರಾರು ಮಂದಿ ನುಗ್ಗಿ ಪುಡಿಪುಡಿ ಮಾಡಿದರು. ಅವರ ಸಿಟ್ಟಿಗೆ ಕಾರಣ ಯಂತ್ರಕ್ಕೆ ಸಿಕ್ಕಿ ಬೆರಳು ಹೋಗುವ ಭಯವಲ್ಲ, ಕೂಲಿ ಹೋಗುವ ಭಯ.

ಗರಗಸ ದುಂಡಗಾದದ್ದು ಇದಾದ ಮೇಲೆ. ಸೌತಾಂಪ್ಟನ್ನಿನ ಸ್ಯಾಮ್ಯುಯಲ್ ಮಿಲ್ಲರ್ 1777ರಲ್ಲಿ ಪಡೆದ ಪೇಟೆಂಟಿನಲ್ಲಿ ವೃತ್ತಾಕಾರದ ಗರಗಸದ ಪ್ರಸ್ತಾಪವಿದೆ, ಅದೂ ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ, ಹಾಗೆಯೇ ತೇಲಿಸಿ. ಅಮೆರಿಕದಲ್ಲಿ ಇನ್ನೊಂದು ಕಥೆ ಇದೆ. ಶೇಕರ್ ಪಂಥದ ತಬಿತಾ ಬ್ಯಾಬಿಟ್ ಎಂಬಾಕೆ ಇಬ್ಬರು ಗರಗಸ ಎಳೆಯುವುದನ್ನು ನೋಡುತ್ತ, ಅರ್ಧ ಎಳೆತ ವ್ಯರ್ಥವಾಗುತ್ತಿದೆಯಲ್ಲ ಎಂದುಕೊಂಡು, 1813ರಲ್ಲಿ ತಗಡಿನ ಬಿಲ್ಲೆಗೆ ಹಲ್ಲು ಕೊರೆದು ನೂಲುವ ರಾಟೆಗೆ ಸಿಕ್ಕಿಸಿದಳಂತೆ. ಕಥೆ ಚೆನ್ನಾಗಿದೆ, ಆದರೆ ಮಿಲ್ಲರನ ಪೇಟೆಂಟ್ ಅದಕ್ಕಿಂತ 36 ವರ್ಷ ಹಳೆಯದು.

ಮರಗೆಲಸದ ಯಂತ್ರಗಳಿಗೆಲ್ಲ ಒಂದೇ ಕಡೆ ಜಾತಕ ಬರೆದವನು ಸ್ಯಾಮ್ಯುಯಲ್ ಬೆಂಥಮ್. ತತ್ತ್ವಜ್ಞಾನಿ ಜೆರೆಮಿ ಬೆಂಥಮ್‌ನ ತಮ್ಮ, ರಷ್ಯಾದಲ್ಲಿ ರಾಜಕುಮಾರ ಪೊಟೆಮ್ಕಿನ್‌ನ ಕೈಕೆಳಗೆ ದುಡಿದು ಬಂದವನು. 1793ರಲ್ಲಿ ಅವನು ಪಡೆದ ಪೇಟೆಂಟಿನಲ್ಲಿ ಕೊಯ್ಯುವ, ಹತ್ತರಿ ಹೊಡೆಯುವ, ತೂತು ಕೊರೆಯುವ ಯಂತ್ರಗಳೆಲ್ಲ ಒಂದಲ್ಲ ಒಂದು ರೂಪದಲ್ಲಿವೆ. ಈ ಯಂತ್ರಗಳು ಯಾರ ಕೈಗಾಗಿ ಹುಟ್ಟಿದವು ಎನ್ನುವುದೇ ಸ್ವಾರಸ್ಯ. ಅಣ್ಣ ಜೆರೆಮಿ ಕಟ್ಟಬೇಕೆಂದಿದ್ದ ‘ಪ್ಯಾನೊಪ್ಟಿಕಾನ್’ ಎಂಬ ಸೆರೆಮನೆಯಲ್ಲಿ ಕೈದಿಗಳಿಂದ ಕೆಲಸ ಮಾಡಿಸಲು! ಉಳಿ ಹಿಡಿದೂ ಗೊತ್ತಿಲ್ಲದವನು ಬಡಗಿಯ ಕೆಲಸ ಮಾಡಬೇಕಾದರೆ ಜಾಣ್ಮೆ ಕೈಯಲ್ಲಿರದೆ ಯಂತ್ರದಲ್ಲಿರಬೇಕು. ಸೆರೆಮನೆ ಏಳಲಿಲ್ಲ, ಆ ಯೋಚನೆ ಮಾತ್ರ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಪೋರ್ಟ್ಸ್‌ಮತ್‌ನ ಹಡಗುಕಟ್ಟೆಯಲ್ಲಿ ಅದು ಕಾರ್ಖಾನೆಯೇ ಆಯಿತು. ಆ ಹೊತ್ತಿಗೆ ಬೆಂಥಮ್ ಬ್ರಿಟಿಷ್ ನೌಕಾಪಡೆಯ ಕಾಮಗಾರಿಗಳ ಮುಖ್ಯಸ್ಥ. ಹಾಯಿ ಎಳೆಯುವ ಹಗ್ಗಕ್ಕೆ ಮರದ ರಾಟೆಗಳು ಬೇಕು. 74 ತೋಪುಗಳ ಒಂದೇ ಹಡಗಿಗೆ ಸಾವಿರದ ಹತ್ತಿರ, ಇಡೀ ಪಡೆಗೆ ವರ್ಷಕ್ಕೆ ಒಂದು ಲಕ್ಷ. ಫ್ರೆಂಚ್ ಕ್ರಾಂತಿಯಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಮೂಲಕ 1799ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಎಂಜಿನಿಯರ್ ಮಾರ್ಕ್ ಬ್ರುನೆಲ್ ಇದಕ್ಕೆ ಯಂತ್ರಗಳ ಸಾಲನ್ನೇ ರೂಪಿಸಿದ, ಯಂತ್ರ ತಯಾರಕ ಹೆನ್ರಿ ಮಾಡ್ಸ್‌ಲಿ ಲೋಹದಲ್ಲಿ ಮಾಡಿಕೊಟ್ಟ. ಒಟ್ಟು 45 ಯಂತ್ರಗಳು. 110 ನುರಿತ ಕೆಲಸಗಾರರು ಮಾಡುತ್ತಿದ್ದುದಕ್ಕೆ ಕಸುಬು ತಿಳಿಯದ 10 ಮಂದಿ ಸಾಕಾದರು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆಗಳು ಹೊರಬರುತ್ತಿದ್ದವು. ಟ್ರಫಾಲ್ಗರ್ ಕದನಕ್ಕೆ ಹೊರಡುವ ದಿನ, 1805ರ ಸೆಪ್ಟೆಂಬರ್ 14ರ ಬೆಳಿಗ್ಗೆ, ನೌಕಾಪತಿ ನೆಲ್ಸನ್ ಈ ಕಾರ್ಖಾನೆಯನ್ನು ನೋಡಲು ಬಂದಿದ್ದ.

ಕೈಯ ಜಾಣ್ಮೆ ಯಂತ್ರಕ್ಕೆ ಹೋಯಿತು. ಆ ಜಾಣ್ಮೆಯ ಜೊತೆಗೆ ಅಂಟಿಕೊಂಡಿದ್ದ ಕಾವಲು ಹೋಗಲಿಲ್ಲ. ಉಳಿಯ ಬಾಯಿಗೆ ಎದುರಾಗಿ ಕೈ ಇಡಬೇಡ ಎಂದು ಮೇಸ್ತ್ರಿ ಬೈದು ಕಲಿಸಿದ್ದು ಹುಡುಗನ ಕೈಗೆ ಗೊತ್ತಿರುತ್ತದೆ, ಬೆಲ್ಟು ತಿರುಗಿಸುವ ಗರಗಸಕ್ಕೆ ಗೊತ್ತಿರುವುದಿಲ್ಲ.

ಮೇಜಿನ ಗರಗಸದ, ಅಂದರೆ ಟೇಬಲ್ ಸಾ ಯಂತ್ರದ, ವರ್ತನೆ ನೋಡಿ. ಮುಂದಿನ ಹಲ್ಲುಗಳು ಹಲಗೆಯನ್ನು ಕೆಳಕ್ಕೆ ಒತ್ತುತ್ತವೆ, ಹಾಗಾಗಿ ಎಲ್ಲವೂ ಸುಸೂತ್ರವೆನಿಸುತ್ತದೆ. ಹಿಂದಿನ ಹಲ್ಲುಗಳು ಮೇಲಕ್ಕೇಳುತ್ತಿರುತ್ತವೆ. ಕೊಯ್ದ ಸೀಳು ಮುಚ್ಚಿಕೊಂಡು ಆ ಹಲ್ಲುಗಳಿಗೆ ಸಿಕ್ಕಿತೋ, ಹಲಗೆ ಎಗರಿ ನೇರ ಕೊಯ್ಯುವವನ ಹೊಟ್ಟೆಗೆ ಬರುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 190 ಕಿಲೋಮೀಟರ್. ಹಲಗೆ ಒತ್ತಿ ಹಿಡಿದಿದ್ದ ಕೈ, ಹಲಗೆ ಮಾಯವಾದ ಕ್ಷಣಕ್ಕೆ ಬ್ಲೇಡಿನ ಮೇಲಿರುತ್ತದೆ. ಹಳಬರ ಬೆಣೆ ಇಲ್ಲಿ ಬೇಕೇಬೇಕಾಗಿತ್ತು. ಅದು ಉಕ್ಕಿನ ರೂಪದಲ್ಲಿ ಬಂತು ಕೂಡ: ಬ್ಲೇಡಿನ ಹಿಂಬದಿಗೆ, ಅದರ ಬಾಗಿಗೆ ಹೊಂದಿಕೊಂಡು ನಿಲ್ಲುವ ಚಿಕ್ಕ ಪಟ್ಟಿ. ರೈವಿಂಗ್ ನೈಫ್ ಎನ್ನುತ್ತಾರೆ. ಅದರ ಕೆಲಸ ಸೀಳನ್ನು ಮುಚ್ಚಗೊಡದಿರುವುದು ಮಾತ್ರ.

ಹತ್ತರಿ ಯಂತ್ರದ ಪಾಡೂ ಇದೇ. ಮೊದಮೊದಲು ಅಲಗುಗಳನ್ನು ಚೌಕ ದಿಂಡಿಗೆ ಬೋಲ್ಟು ಹಾಕಿ ಕೂರಿಸುತ್ತಿದ್ದರು. ಚೌಕದ ಮೂಲೆ ಹಾದುಹೋದ ಮೇಲೆ ಮೇಜಿನ ಬಾಯಿಯಲ್ಲಿ ದೊಡ್ಡ ಸಂದು ತೆರೆದುಕೊಳ್ಳುತ್ತದೆ, ಜಾರಿದ ಬೆರಳು ಬುಡದವರೆಗೆ ಒಳಹೋಗುತ್ತದೆ. ದಿಂಡು ದುಂಡಗಿದ್ದರೆ ಆ ಸಂದೇ ಇಲ್ಲ, ಬೆರಳಿನ ತುದಿ ಕತ್ತರಿಸಬಹುದು, ಬೆರಳೇ ಹೋಗುವುದಿಲ್ಲ. ಇಷ್ಟು ಸರಳವಾದ ಬದಲಾವಣೆ. ಬ್ರಿಟನ್ 1922ರಲ್ಲಿ ಮರಗೆಲಸ ಯಂತ್ರಗಳಿಗೇ ಪ್ರತ್ಯೇಕ ನಿಯಮಗಳನ್ನು ತಂದು, ಕೈಯಿಂದ ಹಲಗೆ ತಳ್ಳುವ ಹತ್ತರಿಗೆ ದುಂಡು ದಿಂಡನ್ನೂ ಗರಗಸಕ್ಕೆ ರೈವಿಂಗ್ ನೈಫನ್ನೂ ಕಡ್ಡಾಯ ಮಾಡಿತು. ಅಮೆರಿಕದ ಟೇಬಲ್ ಸಾ ಮಾನದಂಡಕ್ಕೆ ಅದೇ ಪಟ್ಟಿ ಬಂದದ್ದು 2000ದ ದಶಕದ ಕೊನೆಗೆ. ಅಷ್ಟರವರೆಗೆ ಅಲ್ಲಿನ ಯಂತ್ರಗಳ ಜೊತೆ ಬರುತ್ತಿದ್ದ ದೊಡ್ಡ ಕವಚ ಕೆಲಸಕ್ಕೆ ಅಡ್ಡ ಬರುತ್ತದೆಂದು ಎಷ್ಟೋ ಮಂದಿ ಮೊದಲ ವಾರವೇ ಬಿಚ್ಚಿ ಮೂಲೆಗೆ ಎಸೆಯುತ್ತಿದ್ದರು. ತಪ್ಪು ಅವರದಷ್ಟೇ ಅಲ್ಲ. ಕೆಲಸ ಮಾಡಗೊಡದ ಕವಚ ಮಾಡಿದವನಿಗೂ ಅದರಲ್ಲಿ ಪಾಲಿದೆ.

ಬೆರಳು ಹೋದದ್ದು ಎಲ್ಲರಿಗೂ ಕಾಣುತ್ತದೆ, ಹೊಟ್ಟು ಮಾಡುವ ಕೇಡು ಕಾಣುವುದಿಲ್ಲ. ಇಂಗ್ಲೆಂಡಿನ ಕುರ್ಚಿ ಪಟ್ಟಣ ಹೈ ವೈಕೂಂಬ್‌ನಲ್ಲಿ 1960ರ ದಶಕದಲ್ಲಿ ಮೂಗಿನ ಒಳಗಿನ ಅಪರೂಪದ ಕ್ಯಾನ್ಸರ್ ಮರಗೆಲಸದವರಲ್ಲೇ ಹೆಚ್ಚಾಗಿ ಕಾಣುತ್ತಿದೆ ಎಂದು ಅಲ್ಲಿನ ವೈದ್ಯರು ಗುರುತಿಸಿದರು. ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಲು 1990ರ ದಶಕವೇ ಬರಬೇಕಾಯಿತು.

1999ರಲ್ಲಿ ಸ್ಟೀಫನ್ ಗ್ಯಾಸ್ ಎಂಬ ಅಮೆರಿಕದ ಪೇಟೆಂಟ್ ವಕೀಲನಿಗೆ ಬೆರಳು ಉಳಿಸುವ ಬೇರೊಂದು ಉಪಾಯ ಹೊಳೆಯಿತು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ ಹವ್ಯಾಸಿ ಬಡಗಿ ಈತ. ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತ ಹರಿಸಿದರೆ ಒಣಮರ ಅದನ್ನು ಬದಲಿಸುವುದಿಲ್ಲ, ಮನುಷ್ಯನ ಮೈ ತಾಗಿದರೆ ಸಂಕೇತ ಕುಗ್ಗುತ್ತದೆ. ಕುಗ್ಗಿದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಸ್ಪ್ರಿಂಗ್ ಬಲದಿಂದ ಹಲ್ಲುಗಳಿಗೆ ಬಡಿದು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಅಂದರೆ ಬ್ಲೇಡು ಒಂದು ಸುತ್ತಿನ ಮೂರನೇ ಒಂದು ಭಾಗವನ್ನೂ ಮುಗಿಸುವುದಿಲ್ಲ. ಮಾಂಸದ ಸಾಸೇಜ್ ಇಟ್ಟು ತೋರಿಸಿದ, ಕೊನೆಗೆ ತನ್ನ ಬೆರಳನ್ನೇ ಇಟ್ಟು ತೋರಿಸಿದ. ದೊಡ್ಡ ಕಂಪನಿಗಳು ಕೊಳ್ಳಲಿಲ್ಲ. ಖರ್ಚು ಹೆಚ್ಚು, ಹಸಿಮರಕ್ಕೂ ನಿಂತುಬಿಡುತ್ತದೆ, ಒಮ್ಮೆ ಬಡಿದರೆ ಬ್ಲೇಡೂ ಬ್ರೇಕೂ ಹಾಳು ಎಂಬ ವಾದಗಳಿದ್ದವು. ಗ್ಯಾಸ್ ತಾನೇ ‘ಸಾಸ್ಟಾಪ್’ ಕಂಪನಿ ಕಟ್ಟಿ 2004ರಿಂದ ಯಂತ್ರ ಮಾರಿದ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಲೆಕ್ಕದಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 30,000 ಮಂದಿ ಟೇಬಲ್ ಸಾ ಗಾಯಕ್ಕೆ ಆಸ್ಪತ್ರೆಗೆ ಬರುತ್ತಿದ್ದರು.

ಭಾರತದ 1948ರ ಕಾರ್ಖಾನೆ ಕಾಯಿದೆಯ 21ನೇ ಕಲಮು ತಿರುಗುವ ಭಾಗಗಳಿಗೆ ಬೇಲಿ ಕಟ್ಟಬೇಕೆನ್ನುತ್ತಿತ್ತು. ಅದರಡಿಯ ನಿಯಮಗಳಲ್ಲಿ ಮರಗೆಲಸಕ್ಕೇ ಒಂದು ಪರಿಶಿಷ್ಟವಿತ್ತು. ಬ್ಲೇಡಿನ ಹಿಂದಿನ ಪಟ್ಟಿ, ದುಂಡು ದಿಂಡು, ಹಲಗೆ ತಳ್ಳುವ ಕೋಲು ಎಲ್ಲವೂ ಅಲ್ಲಿದ್ದವು. ಓದಿದರೆ 1922ರ ಬ್ರಿಟಿಷ್ ನಿಯಮಗಳ ಛಾಯೆ ಎದ್ದು ಕಾಣುತ್ತದೆ. ತೊಡಕಿರುವುದು ತಲೆ ಎಣಿಕೆಯಲ್ಲಿ. ಆ ಕಾಯಿದೆಯಲ್ಲಿ, ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು; ಅದರ ಬದಲಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ನಮ್ಮ ಊರುಗಳಲ್ಲಿ ಬಾಗಿಲು ಕಿಟಕಿ ಮಾಡುವ ಶೆಡ್ಡಿನಲ್ಲಿರುವುದು ಆಚಾರಿ, ಅವರ ಮಗ ಅಥವಾ ತಮ್ಮ, ಒಬ್ಬ ಕಲಿಯುವ ಹುಡುಗ; ಆ ಎಣಿಕೆಗೆ ಅವರು ಸಿಗುವುದೇ ಇಲ್ಲ.

ಮನೆ ಕಟ್ಟುವ ಜಾಗಗಳಲ್ಲಿ ಶೆಡ್ಡಿನಷ್ಟು ಏರ್ಪಾಡೂ ಇಲ್ಲ. ನಾಲ್ಕಿಂಚಿನ ಮಾರ್ಬಲ್ ಕಟ್ಟರ್ ಒಂದನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಾಳೆಯ ಅಡಿಗೆ ಸ್ಕ್ರೂ ಹೊಡೆದು, ಸೀಳಿನಿಂದ ಬ್ಲೇಡು ಇಣುಕುವಂತೆ ಮಾಡಿದರೆ ಟೇಬಲ್ ಸಾ ತಯಾರು. ಕಲ್ಲು ಕೊಯ್ಯಲು ಹುಟ್ಟಿದ ಆ ಯಂತ್ರ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ. ಮಗುಚಿ ಕೂರಿಸುವಾಗ ಅದರ ಕವಚ ಕಳಚುತ್ತದೆ, ಸ್ವಿಚ್ಚು ಸದಾ ಒತ್ತಿಕೊಂಡೇ ಇರುತ್ತದೆ, ಹಿಂಬದಿಗೆ ಪಟ್ಟಿ ಕೂರಿಸಲು ತಾವಿಲ್ಲ. ಅಂಥಲ್ಲಿ ಉದ್ದನೆಯ ಹಲಗೆ ಕೊಯ್ಯುವಾಗ ಹಳೆಯ ಕೈಯ ಆಚಾರಿಗಳು ಮಾಡುವುದೊಂದಿದೆ. ಹಲಗೆ ಅರ್ಧ ದಾಟಿತೆಂದಾಗ ಎದುರು ಹಿಡಿದವನಿಗೆ ಸನ್ನೆ ಮಾಡುತ್ತಾರೆ. ಅವನು ನೆಲದ ಮೇಲಿನ ಮರದ ಚಕ್ಕೆಯೊಂದನ್ನು ಹೆಕ್ಕಿ, ಬ್ಲೇಡು ದಾಟಿ ಬಂದ ಸೀಳಿನ ಬಾಯಿಗೆ ಸಿಕ್ಕಿಸುತ್ತಾನೆ.