ಬರಿಗೈಯ ವಿದ್ಯೆ ನಿಂತ ನೆಲ

'ಕರಾಟೆ' ಎಂದರೆ ಬರಿಗೈ. ಆ ಹೆಸರನ್ನು ನಂಬಿ ಅದರ ಚರಿತ್ರೆಯನ್ನು ನಾನು ಬಹುಕಾಲ ಕೈಯಲ್ಲಿಯೇ ಹುಡುಕಿದೆ. ಅದು ಇದ್ದದ್ದು ಪಾದದಲ್ಲಿ.

ಓಕಿನಾವಾ ದ್ವೀಪದ ಗಿಚಿನ್ ಫುನಕೋಶಿ (1868–1957) 'ನೈಹಾಂಚಿ' ಎಂಬ ಹೆಸರಿನ ಮೂರು ಅಭ್ಯಾಸಕ್ರಮಗಳನ್ನು ಕಲಿಯಲು ಹತ್ತು ವರ್ಷ ತೆಗೆದುಕೊಂಡರು. ಕುದುರೆಯೇರಿದವನಂತೆ ಮೊಣಕಾಲು ಬಾಗಿಸಿ ನಿಲ್ಲಬೇಕು; ಒಂದು ಪಾದವನ್ನು ಇನ್ನೊಂದರ ಮುಂದೆ ದಾಟಿಸಿ ಪಕ್ಕಕ್ಕೆ ಮಾತ್ರ ಸರಿಯಬೇಕು. ಭಾರವು ಕಾಲಿನಿಂದ ಕಾಲಿಗೆ ಹರಿಯುವಾಗ ತಲೆ ಏರಿಳಿಯಬಾರದು. ಹಿಮ್ಮಡಿಯು ನೆಲವನ್ನೊತ್ತಿದ ಬಲ ಸೊಂಟವನ್ನು ಹಾದು ಮುಷ್ಟಿಯನ್ನು ಸೇರುತ್ತದೆ. ಕೈ ಅದರ ಕೊನೆಯ ನಿಲ್ದಾಣವಷ್ಟೆ.

1922ರಲ್ಲಿ ಫುನಕೋಶಿ ಟೋಕಿಯೋಗೆ ಬಂದರು. ಆ ಕಾಲದ ಚಿತ್ರಗಳಲ್ಲಿ ಅವರ ನಿಲುವು ಎತ್ತರ, ಹೆಜ್ಜೆ ಕಿರಿದು. 1930ರ ದಶಕದಲ್ಲಿ ಮಗ ಯೋಶಿತಕ ತರುಣ ಶಿಷ್ಯರ ಹೆಜ್ಜೆಯನ್ನು ಅಗಲಿಸಿದರು, ನಿಲುವನ್ನು ತಗ್ಗಿಸಿದರು. ತಂದೆಯಾದರೋ, ಬಿಗಿದ ನಿಲುವು ಹೊಸಬರಿಗೆ, ಬಲಿತವರಿಗೆ ಸಹಜವಾಗಿ ನಿಲ್ಲುವುದೇ ಸಾಕು ಎಂಬ ಸೂತ್ರವನ್ನು ಕೊಟ್ಟವರು. ಇದು ಪರಂಪರೆಯ ಭಂಗವೆಂದೇ ಮೊದಲು ನನಗೆ ತೋರಿತ್ತು.

1945ರಲ್ಲಿ ಯುದ್ಧವು ಅವರ ಅಭ್ಯಾಸಶಾಲೆಯನ್ನು ನಾಶಮಾಡಿತು. ಅದೇ ವರ್ಷ ಕ್ಷಯರೋಗ ಮಗನನ್ನು ಒಯ್ದಿತು. ವೃದ್ಧ ತಂದೆ ಇನ್ನೂ ಹನ್ನೆರಡು ವರ್ಷ ಬದುಕಿದರು.

ಇಂದಿಗೂ ಅವರ ಶೋಟೊಕಾನ್ ಪದ್ಧತಿಯಲ್ಲಿ ಹೊಸಬನು ಮೊದಲು ಕಲಿಯುವುದು ಮಗನ ತಗ್ಗಿದ ನಿಲುವನ್ನು. ವರ್ಷಗಳ ಸಾಧನೆಯ ಬಳಿಕ ಅವನು ಮುಟ್ಟಬೇಕಾದುದು ತಂದೆಯ ಸಹಜ ನಿಲುವನ್ನು. ತಂದೆಯಿಂದ ಮಗನಿಗೆ ಇಳಿಯುವುದು ವಿದ್ಯೆಯ ವಾಡಿಕೆ. ಇಲ್ಲಿ ಅದು ಮಗನಿಂದ ತಂದೆಯೆಡೆಗೆ ನಡೆಯುತ್ತಿದೆ. ಇದನ್ನು ಭಂಗವೆನ್ನಲು ನನಗೆ ಈಗ ಮನಸ್ಸು ಬಾರದು.