ವೈದ್ಯರಿಗೂ ದಾದಿಯರಿಗೂ ನಡುವಣ ಮೆಟ್ಟಿಲು

ನರ್ಸಿಂಗ್ ಓದಿದ ನನ್ನ ಹಳೆಯ ವಿದ್ಯಾರ್ಥಿನಿಯರು ಹಬ್ಬಕ್ಕೋ ಮದುವೆಗೋ ಮಲೆಬೆನ್ನೂರಿಗೆ ಬಂದಾಗ ಈಚೆಗೆ ಒಂದು ಪ್ರಶ್ನೆ ಕೇಳುವುದುಂಟು. "ಸಾರ್, ಬಿ.ಎಸ್ಸಿ. ಮುಗಿದಿದೆ, ಆಸ್ಪತ್ರೆಯ ಅನುಭವವೂ ಇದೆ. ನರ್ಸ್ ಪ್ರಾಕ್ಟೀಷನರ್ ಎಂಬ ಸ್ನಾತಕೋತ್ತರ ತರಬೇತಿಗೆ ಸೇರಬಹುದೇ?" ಸಮಾಜ ವಿಜ್ಞಾನದ ಮೇಷ್ಟರನ್ನು ಇದನ್ನೇಕೆ ಕೇಳುತ್ತಾರೋ ತಿಳಿಯದು. ಆದರೆ ಈ ಪ್ರಶ್ನೆಯ ಬೇರು ಇತಿಹಾಸದಲ್ಲಿರುವುದರಿಂದ ನನಗೂ ನಾಲ್ಕು ಮಾತು ಹೇಳಲು ಅವಕಾಶವಿದೆ ಎಂದುಕೊಂಡಿದ್ದೇನೆ.

ಮೊದಲು ಪದದ ಅರ್ಥ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಕೊಟ್ಟು ರೋಗಿಯನ್ನು ಉಪಚರಿಸುವವಳು ನರ್ಸ್. ತಾನೇ ರೋಗಿಯನ್ನು ಪರೀಕ್ಷಿಸಿ, ರೋಗ ಇಂಥದ್ದೆಂದು ನಿರ್ಣಯಿಸಿ, ಕಾನೂನು ಒಪ್ಪಿದಷ್ಟರ ಮಟ್ಟಿಗೆ ಚಿಕಿತ್ಸೆಯನ್ನೂ ನೀಡುವಂತೆ ಹೆಚ್ಚಿನ ತರಬೇತಿ ಪಡೆದವಳು ನರ್ಸ್ ಪ್ರಾಕ್ಟೀಷನರ್.

ಹೆಸರು ಹೊಸದು, ಕೆಲಸ ಹೊಸದಲ್ಲ. ಭದ್ರಾ ನಾಲೆಯ ನೀರು ಬಂದು ನಮ್ಮ ಸುತ್ತಿನ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಕಾಲದಲ್ಲಿ, ಹಳ್ಳಿಯ ಹೆಂಗಸರಿಗೆ ಡಾಕ್ಟರೆಂದರೆ ನರ್ಸಮ್ಮನೇ. ಹೆರಿಗೆ ಕಷ್ಟವಾಗುವುದೋ ಇಲ್ಲವೋ, ಗಾಡಿ ಕಟ್ಟಿಸಿ ಹರಿಹರಕ್ಕೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಸಾಗಿಸಬೇಕೋ ಬೇಡವೋ ಎಂಬುದನ್ನು ನಡುರಾತ್ರಿಯಲ್ಲಿ ಲಾಂದ್ರದ ಬೆಳಕಿನಲ್ಲಿ ತೀರ್ಮಾನಿಸುತ್ತಿದ್ದವಳು ಆಕೆ. ಅದು ರೋಗನಿರ್ಣಯವಲ್ಲದೆ ಮತ್ತೇನು? ಕಾಗದದ ಮೇಲೆ ಮಾತ್ರ ಆಕೆ ಸಹಾಯಕಿ. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ಬಳಿಕ ಆಕೆಯ ಹುದ್ದೆಯ ಹೆಸರು ಬದಲಾಯಿತು, ಕೆಲಸದ ಪಟ್ಟಿ ಉದ್ದವಾಯಿತು; ಅಧಿಕಾರ ಬೆಳೆದಂತೆ ನನಗೆ ಕಾಣಲಿಲ್ಲ.

ಈ ಸ್ಥಿತಿಗೆ ಒಂದು ಹಿನ್ನೆಲೆಯಿದೆ. ಸ್ವಾತಂತ್ರ್ಯಕ್ಕೆ ಮುನ್ನ ಎಲ್.ಎಂ.ಪಿ. ಎಂಬ ಕಿರಿಯ ಅರ್ಹತೆಯ ವೈದ್ಯರಿದ್ದರು. ದೇಶದ ನೋಂದಾಯಿತ ವೈದ್ಯರಲ್ಲಿ ಹೆಚ್ಚಿನವರು ಅವರೇ. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ವರದಿ ಕೊಟ್ಟಾಗ 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ನರ್ಸ್ ಎಂಬ ಲೆಕ್ಕ ಹೊರಬಿದ್ದಿತು. ಆದರೂ ಸಮಿತಿ ಇನ್ನು ಮುಂದೆ ಒಂದೇ ಬಗೆಯ ಪೂರ್ಣ ವೈದ್ಯರು ಸಾಕು ಎಂದಿತು, ಎಲ್.ಎಂ.ಪಿ. ಕ್ರಮೇಣ ಮರೆಯಾಯಿತು. ಉದ್ದೇಶ ಉದಾತ್ತವಾದುದೇ: ಹಳ್ಳಿಯವನಿಗೆ ಅರೆಬರೆ ವೈದ್ಯ ಏಕೆ? ಆದರೆ ಪೂರ್ಣ ವೈದ್ಯ ಹಳ್ಳಿಗೆ ಬರಲಿಲ್ಲ. ನಡುವಿನ ಮೆಟ್ಟಿಲು ಕಿತ್ತುಹೋದ ಜಾಗದಲ್ಲಿ ನರ್ಸಮ್ಮ ಬಂದು ನಿಂತಳು.

ಇದೇ ತೊಡಕನ್ನು ಅಮೆರಿಕ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ಕೊಲೊರಾಡೊ ರಾಜ್ಯದ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯದ ನರ್ಸ್ ಆಗಿದ್ದ ಲೊರೆಟಾ ಫೋರ್ಡ್, ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಅವರೊಡನೆ ಸೇರಿ 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದರು. ಮಕ್ಕಳ ಆರೋಗ್ಯದಿಂದ ಮೊದಲಾದದ್ದು ಮುಂದೆ ವಯಸ್ಕರ ಚಿಕಿತ್ಸೆಗೂ ಹಬ್ಬಿ, ಸ್ನಾತಕೋತ್ತರ ಪದವಿಯಾಯಿತು. ವಿರೋಧಿಸಿದವರು ವೈದ್ಯರು ಮಾತ್ರವಲ್ಲ. ನರ್ಸಿಂಗ್ ಬೋಧಕರಲ್ಲೇ ಹಲವರು "ಇದು ಶುಶ್ರೂಷೆಯನ್ನು ಬಿಟ್ಟು ವೈದ್ಯರ ಬಾಲ ಹಿಡಿಯುವ ಕೆಲಸ" ಎಂಬ ಅರ್ಥದಲ್ಲಿ ಮುನಿದರು. ಆದರೆ ಅಲ್ಲಿ ಪಾಠದ ಹಿಂದೆಯೇ ಕಾನೂನೂ ಬಂದಿತು. 1971ರಲ್ಲಿ ಐಡಾಹೊ ರಾಜ್ಯ, ನರ್ಸ್ ಪ್ರಾಕ್ಟೀಷನರ್ ರೋಗನಿರ್ಣಯ ಮಾಡಬಹುದೆಂದು ಶಾಸನದಲ್ಲೇ ಒಪ್ಪಿತು. ಉಳಿದ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಇಂದು ಅಲ್ಲಿ ಇಂಥವರು ಮೂರು ಲಕ್ಷಕ್ಕೂ ಹೆಚ್ಚು. ಲೊರೆಟಾ ಫೋರ್ಡ್ ಅವರು ಇದನ್ನೆಲ್ಲ ಕಣ್ಣಾರೆ ಕಂಡು 2025ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ನಮ್ಮ ಭಾಗಕ್ಕೆ ಅದು ಮಾಡಿದ ಉಪಕಾರ ದೊಡ್ಡದು. ಆದರೂ ಎರಡು ದೇಶಗಳ ದಾರಿ ಅಲ್ಲಿ ಕವಲೊಡೆದಂತೆ ನನಗೆ ತೋರುತ್ತದೆ: ಅವರು ವೈದ್ಯರ ಜೊತೆಗೆ ನರ್ಸನ್ನೂ ಮೇಲಕ್ಕೆತ್ತಿದರು, ನಾವು ವೈದ್ಯರನ್ನಷ್ಟೇ ನೆಚ್ಚಿಕೊಂಡೆವು.

ನಮ್ಮಲ್ಲಿ ನರ್ಸಿಂಗ್ ಓದು ಬೆಳೆಯಲಿಲ್ಲವೆಂದಲ್ಲ. ದೆಹಲಿ, ವೆಲ್ಲೂರುಗಳಲ್ಲಿ 1946ರಲ್ಲೇ ಬಿ.ಎಸ್ಸಿ. ಇತ್ತು, ದೆಹಲಿಯಲ್ಲಿ 1959ರಲ್ಲಿ ಎಂ.ಎಸ್ಸಿ. ಬಂದಿತು. ಬೆಂಗಳೂರಿನ ನಿಮ್ಹಾನ್ಸ್‌ನ ಪೂರ್ವಜ ಸಂಸ್ಥೆ 1950ರ ದಶಕದಲ್ಲೇ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ನಡೆಸಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ ಮೇಲಂತೂ ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಮಳೆಗಾಲದ ಅಣಬೆಯಂತೆ ಎದ್ದವು. ಆದರೆ ಎಂ.ಎಸ್ಸಿ. ಮಾಡಿದವರು ರೋಗಿಯ ಬಳಿಯಿಂದ ಕರಿಹಲಗೆಯ ಬಳಿಗೆ ಹೋದರು. ಹೆಚ್ಚು ಓದಿದಷ್ಟೂ ರೋಗಿಯಿಂದ ದೂರವಾಗುವ ಈ ವಿದ್ಯೆ ವಿಚಿತ್ರವಲ್ಲವೇ!

ಇದನ್ನು ತಿದ್ದಲೆಂದೇ ಭಾರತೀಯ ನರ್ಸಿಂಗ್ ಪರಿಷತ್ತು, ತೀವ್ರ ನಿಗಾ ಘಟಕದ ವಯಸ್ಕ ರೋಗಿಗಳ ಆರೈಕೆಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಪದವಿಯನ್ನು ರೂಪಿಸಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಇಂಥ ವೃಂದ ಬೇಕೆಂದಿತು. ಬಿ.ಎಸ್ಸಿ. ನರ್ಸಿಂಗ್ ಜೊತೆಗೆ ಕನಿಷ್ಠ ಒಂದು ವರ್ಷದ ಅನುಭವ ಬೇಕು. ಓದಿನ ಐದರಲ್ಲಿ ನಾಲ್ಕು ಪಾಲು ರೋಗಿಯ ಹಾಸಿಗೆಯ ಬಳಿಯೇ ನಡೆಯುತ್ತದೆ. ರೋಗದಿಂದ ದೇಹದಲ್ಲಾಗುವ ಬದಲಾವಣೆ, ಔಷಧಶಾಸ್ತ್ರ, ದೇಹಪರೀಕ್ಷೆ ಈ ಮೂರನ್ನೂ ಅಮೆರಿಕದಲ್ಲಿರುವಂತೆಯೇ ಆಳವಾಗಿ ಕಲಿಸಬೇಕೆಂಬ ನಿಯಮವಿದೆ. ಅಲ್ಲಿ ಮೇಲ್ವಿಚಾರಣೆಯ ರೋಗಿಸೇವೆ ಕನಿಷ್ಠ 500 ಗಂಟೆ ಎಂದು ಬಹುಕಾಲ ಇದ್ದದ್ದು 2022ರ ಮಾನದಂಡದಲ್ಲಿ 750ಕ್ಕೆ ಏರಿತು. ನಮ್ಮವರ ಎರಡು ವರ್ಷಗಳ ವಾರ್ಡಿನ ಗಂಟೆಗಳು ಅದನ್ನು ಬಹಳ ಮೀರುತ್ತವೆ. ತರಬೇತಿಯಲ್ಲಿ ನಾವು ಹಿಂದಿಲ್ಲ.

ಹಿಂದಿರುವುದು ಆಮೇಲಿನದರಲ್ಲಿ. ಪದವೀಧರೆ ಔಷಧಿ ಕೊಡಬಹುದಾದದ್ದು ಆಸ್ಪತ್ರೆ ಬರೆದಿಟ್ಟ ಸ್ಥಾಯೀ ಆದೇಶಗಳ ಒಳಗೆ ಮಾತ್ರ. ಸ್ವತಂತ್ರವಾಗಿ ಚೀಟಿ ಬರೆಯುವ ಹಕ್ಕಿಲ್ಲ. ಜೀವದ ಪ್ರಶ್ನೆಯಾದ್ದರಿಂದ ಈ ಎಚ್ಚರಿಕೆ ಸರಿಯೆಂದೇ ಹೇಳೋಣ. ಆದರೆ ಆಕೆಗೆ ತಕ್ಕ ಹುದ್ದೆ, ತಕ್ಕ ಸಂಬಳ? ಪದವಿ ಪಡೆದ ಹುಡುಗಿಯೊಬ್ಬಳು ಮರಳಿ ಅದೇ ಸ್ಟಾಫ್ ನರ್ಸ್ ಆಗಿ, ಅದೇ ರಾತ್ರಿಪಾಳಿಗೆ ನಿಲ್ಲಬೇಕಾದರೆ ಎರಡು ವರ್ಷದ ದುಡಿಮೆಯನ್ನೂ ಅಪ್ಪ ಮಾಡಿದ ಸಾಲವನ್ನೂ ಯಾವ ಲೆಕ್ಕಕ್ಕೆ ಬರೆಯುವುದು?

ಬಾಣಂತಿಯರ ಕಡೆಯಿಂದ ಸುದ್ದಿ ಸ್ವಲ್ಪ ಚೆನ್ನಾಗಿದೆ. 2018ರಲ್ಲಿ ಕೇಂದ್ರ ಸರಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೊರಡಿಸಿ, ಹೆರಿಗೆ ಶುಶ್ರೂಷೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಲು 18 ತಿಂಗಳ ತರಬೇತಿಯನ್ನು ಗೊತ್ತುಮಾಡಿತು. ತೆಲಂಗಾಣ ಅದಕ್ಕಿಂತ ಮುಂಚೆಯೇ ಈ ದಾರಿ ಹಿಡಿದಿತ್ತು. ಅದೇ ವರ್ಷ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. ಅವರಲ್ಲಿ ಬಹಳ ಮಂದಿ ಆರು ತಿಂಗಳ ಸರ್ಟಿಫಿಕೇಟ್ ಓದು ಮುಗಿಸಿದ ನರ್ಸುಗಳು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೆಯ ವಿಧಿ ಇಂಥವರಿಗೆ ಮಿತ ಪರವಾನಗಿ ಕೊಡಬಹುದೆಂದಾಗ ದೇಶದಾದ್ಯಂತ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ವೈದ್ಯರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆರು ತಿಂಗಳ ಓದನ್ನು ಎರಡು ವರ್ಷದ ಓದಿಗೆ ಸಮ ಮಾಡಬಾರದು. ಹಾಗಿದ್ದಮೇಲೆ ಎರಡು ವರ್ಷ ಓದಿದವಳಿಗೆ ಹುದ್ದೆಯಿಲ್ಲದೆ, ಆರು ತಿಂಗಳು ಓದಿದವಳಿಗೆ ಹುದ್ದೆ ಮೊದಲು ಸಿಕ್ಕಿತೇಕೆ ಎಂಬುದನ್ನೂ ಕೇಳಬೇಡವೇ?

ಆದುದರಿಂದ ಸೇರಬಯಸುವ ಹುಡುಗಿಯರಿಗೆ ನನ್ನ ಮಾತು ಇಷ್ಟು. ಕಾಲೇಜಿನ ಕಟ್ಟಡ ನೋಡಬೇಡಿ. ಅದಕ್ಕೆ ಸ್ವಂತ ಆಸ್ಪತ್ರೆಯಿದೆಯೇ, ತೀವ್ರ ನಿಗಾ ಘಟಕದಲ್ಲಿ ಹಾಸಿಗೆಗಳೆಷ್ಟು, ಪಾಠ ಹೇಳುವ ವೈದ್ಯರು ರೋಗಿಯ ಬಳಿ ನಿಮ್ಮನ್ನು ನಿಲ್ಲಿಸಿಕೊಳ್ಳುವರೇ ಎಂದು ವಿಚಾರಿಸಿ. ಹಿಂದಿನ ತಂಡದವರು ಈಗ ಯಾವ ಹುದ್ದೆಯಲ್ಲಿದ್ದಾರೆಂದು ಅವರನ್ನೇ ಕೇಳಿ. ನಮ್ಮ ಶಾಲೆಯಲ್ಲಿ ಓದಿ ಹೊರದೇಶದಲ್ಲಿ ಈ ತರಬೇತಿ ಪಡೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿ ತಗಲಿದ ಖರ್ಚನ್ನೂ ಮೊದಲ ವರ್ಷ ಕೈಗೆ ಬಂದ ಅಧಿಕಾರವನ್ನೂ ನನಗೆ ಕನ್ನಡದಲ್ಲಿ ಬರೆದು ಕಳಿಸಿ. ಕೇಳುವ ಹುಡುಗಿಯರಿಗೆ ಓದಿಸುತ್ತೇನೆ.